ಏಕಾದಶಿಯ ಅಳತೆ

ಹೆಂಡತಿ ನೌಕರಿಗೆ ಹೋಗುವುದಕ್ಕೆ ತಮ್ಮದೇನೂ ಅಭ್ಯಂತರವಿಲ್ಲ ಎಂದು ರಾಮದಾಸರು ಒಂದೇ ದಿನದಲ್ಲಿ ನಾಲ್ಕು ಸಲ ಹೇಳಿದರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಏಳುವಾಗ ಒಮ್ಮೆ, ಚಹಾ ಕುಡಿಯುವಾಗ ಒಮ್ಮೆ, ಕಾರ್ಖಾನೆಯ ಬಸ್ಸಿಗೆ ಹೊರಡುವ ಮುಂಚೆ ಬೂಟಿನ ಲೇಸು ಕಟ್ಟುತ್ತ ಒಮ್ಮೆ, ಸಂಜೆ ಬಂದು ಅದೇ ಲೇಸು ಬಿಚ್ಚುತ್ತ ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ, ಅವರಿಗೆ ಅಭ್ಯಂತರ ಇದೆ ಎಂಬುದು ಹೆಂಡತಿ ಪ್ರೇಮಾಗೆ ಖಾತ್ರಿಯಾಯಿತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಯಾವುದಕ್ಕಾದರೂ ಮನಸಾರೆ ಒಪ್ಪಿ ಅದನ್ನು ಬಾಯಿಬಿಟ್ಟು ಹೇಳಿದ ದಾಖಲೆ ಇರಲಿಲ್ಲ. ಒಪ್ಪಿಗೆ ಇದ್ದಾಗ ಅವರು ಸುಮ್ಮನೆ ಪೇಪರು ಓದುತ್ತಿದ್ದರು.

ನೌಕರಿ ಸಿಕ್ಕಿದ್ದು ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ. ಆಗ ಹೈದರಾಬಾದಿಗೆ ಐಟಿ ನೆತ್ತಿಗೇರಿದ್ದ ಕಾಲ. ಗಚ್ಚಿಬೌಲಿಯಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು, ಅವರಿದ್ದ ತಾರ್ನಾಕದ ಓಣಿಯಿಂದಲೂ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮಕ್ಕಳು ದಿನಾ ಬೆಳಿಗ್ಗೆ ಬಿಳಿ ಗಾಡಿ ಹತ್ತಿ ಮಾಯವಾಗುತ್ತಿದ್ದರು. ಇಂಗ್ಲಿಷು ಬಲ್ಲವರೆಲ್ಲ ಮೊಬೈಲ್ ಕೊಂಡು ಮುಗಿದಿತ್ತಾದ್ದರಿಂದ ಕಂಪನಿಗಳಿಗೆ ಇದ್ದಕ್ಕಿದ್ದಂತೆ ಕನ್ನಡದ ಮೇಲೆ ಪ್ರೀತಿ ಹುಟ್ಟಿತ್ತು. ಫೋನಿನ ಪರದೆಯ ಮೇಲೆ ಬರುವ ಮಾತುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸುವವರು ಬೇಕಾಗಿದ್ದಾರೆ ಎಂಬ ಚೀಟಿಯನ್ನು ಕನ್ನಡ ಸಂಘದ ವಾಚನಾಲಯದ ಗೋಡೆಯ ಮೇಲೆ ಪ್ರೇಮಾ ಓದಿದಳು. ಓದಿ, ಯಾರಿಗೂ ಹೇಳದೆ ಪರೀಕ್ಷೆಗೆ ಹೋಗಿ ಬಂದಳು.

ಪರೀಕ್ಷೆಯ ಕಷ್ಟ ಭಾಷೆಯದಾಗಿರಲಿಲ್ಲ, ಜಾಗದ್ದಾಗಿತ್ತು. ಪರದೆಯ ಒಂದು ಸಾಲಿನಲ್ಲಿ ಹನ್ನೆರಡು ಅಕ್ಷರ ಹಿಡಿಯುತ್ತಿತ್ತು. ಅವಳ ಜೊತೆ ಕೂತಿದ್ದ ಇಬ್ಬರು ವಿದ್ವಾಂಸರ ಶಬ್ದಗಳು ಎಷ್ಟು ಘನವಾಗಿದ್ದವೆಂದರೆ ಅರ್ಧ ಪರದೆಯ ಮೇಲೆ, ಅರ್ಧ ಹೊರಗೆ ಉಳಿದವು. ಪ್ರೇಮಾಗೆ ಇಕ್ಕಟ್ಟು ಹೊಸದಲ್ಲ. ತವರಿಗೆ ಬರೆಯುವ ಇನ್‌ಲ್ಯಾಂಡ್ ಪತ್ರದಲ್ಲಿ ಗಂಡ ಮೂರು ಮಗ್ಗುಲು ತನ್ನ ಬಡ್ತಿಯ ವಿಚಾರ ಬರೆದು ಮುಗಿಸಿದ ಮೇಲೆ, ಮಡಿಕೆಯ ಅಂಚಿನಲ್ಲಿ ಉಳಿದ ಎರಡು ಬೆರಳಿನ ಜಾಗದಲ್ಲಿ ಅವಳು ಮಗುವಿನ ಜ್ವರ, ಅತ್ತೆಯ ಮಂಡಿ, ಹಬ್ಬಕ್ಕೆ ಬರಲಾಗದ ಸಂಕಟ ಎಲ್ಲವನ್ನೂ ಹಿಡಿಸಿ ರೂಢಿಯಾಗಿತ್ತು. ಕಂಪನಿಯ ಕನ್ನಡ ವಿಭಾಗದ ಮುಖ್ಯಸ್ಥೆ ಸಂಯುಕ್ತಾ ಎಂಬ ಮೈಸೂರಿನ ಹುಡುಗಿ. ವಿಭಾಗದಲ್ಲಿ ಅವಳೊಬ್ಬಳೇ ಇದ್ದುದರಿಂದ ಮುಖ್ಯಸ್ಥೆಯಾಗುವುದು ಕಷ್ಟವಾಗಿರಲಿಲ್ಲ. ಅವಳು ಪ್ರೇಮಾಳ ಹಾಳೆ ನೋಡಿ, ಮುಂದಿನ ತಿಂಗಳು ಒಂದನೇ ತಾರೀಖು ಬುಧವಾರದಿಂದ ಬಂದುಬಿಡಿ ಆಂಟಿ, ಇಲ್ಲಾಂದ್ರೆ ಈ ಕೆಲಸ ಬೆಂಗಳೂರಿನ ಕಂಪನಿಗೆ ಹೋಗುತ್ತೆ ಎಂದಳು.

ಐವತ್ತೆರಡನೆಯ ವಯಸ್ಸಿನಲ್ಲಿ ಬಂದ ಮೊದಲ ನೌಕರಿ. ಪ್ರೇಮಾಗೆ ಅದು ಎಷ್ಟು ಬೇಕಾಗಿತ್ತೆಂದರೆ, ಎಷ್ಟು ಬೇಕು ಎಂದು ತನಗೇ ಹೇಳಿಕೊಳ್ಳಲು ಅಂಜುತ್ತಿದ್ದಳು. ಅಡ್ಡ ಬಂದದ್ದು ಸೊಂಟ. ಬೆನ್ನಿನ ಕೆಳಗಿನ ಮಣಿಯೊಂದು ಎರಡು ವರ್ಷದ ಹಿಂದೆ ಜರುಗಿ ಕೂತಿತ್ತು, ನಲವತ್ತು ನಿಮಿಷದ ಮೇಲೆ ಕುರ್ಚಿಯಲ್ಲಿ ಕೂತರೆ ಎಡಗಾಲಿನವರೆಗೆ ಬೆಂಕಿ ಇಳಿಯುತ್ತಿತ್ತು. ಗಚ್ಚಿಬೌಲಿಯಲ್ಲಿ ಕೂರಬೇಕಾದದ್ದು ಎಂಟು ತಾಸು, ಹೋಗಿ ಬರುವ ಗಾಡಿಯಲ್ಲಿ ಇನ್ನೂ ಮೂರು. ಮೂಳೆ ಡಾಕ್ಟರು ನೋಡಿ, ಕೂರಲೇಬೇಕಿದ್ದರೆ ಸೊಂಟಕ್ಕೆ ಉಕ್ಕಿನ ಪಟ್ಟಿ ಹಾಕಿದ ಕಾರ್ಸೆಟ್ ಕಟ್ಟಿಕೊಂಡು ಕೂರಿ ಎಂದರು. ಅಂಗಡಿಯಲ್ಲಿ ಸಿಗುವ ಸಣ್ಣದು, ಮಧ್ಯಮ, ದೊಡ್ಡದು ಮೂರರಲ್ಲಿ ಯಾವುದೂ ಅವಳ ಮೈಗೆ ಕೂಡುವಂತಿರಲಿಲ್ಲ, ಆದ್ದರಿಂದ ಬೇಗಂಪೇಟೆ ಸ್ಟೇಷನ್ ಹತ್ತಿರ ಅಮರಯ್ಯ ಎಂಬುವವನಿದ್ದಾನೆ, ಅಳತೆ ತೆಗೆದು ಹೊಲಿದುಕೊಡುತ್ತಾನೆ, ಅರ್ಧ ತಾಸಿನ ಕೆಲಸ ಎಂದು ಚೀಟಿ ಬರೆದುಕೊಟ್ಟರು.

ಅರ್ಧ ತಾಸಿನ ಕೆಲಸ ಎಂಬ ಮಾತು ರಾಮದಾಸರಿಗೆ ತಾಗಿತು. ಅವರು ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷದಿಂದ ಅಳೆಯುತ್ತಿದ್ದರು. ಬೇರೆಯವರು ಮಾಡಿದ್ದನ್ನು ಅಳೆದು, ಕೂದಲೆಳೆಯ ಐದನೇ ಒಂದು ಪಾಲಿನಷ್ಟು ವ್ಯತ್ಯಾಸ ಕಂಡರೆ ಅದರ ಮೇಲೆ ಕೆಂಪು ಬಣ್ಣ ಬಳಿದು ವಾಪಸು ಕಳಿಸುವುದು ಅವರ ಉದ್ಯೋಗ. ತಾವಾಗಿ ಒಂದು ಮೊಳೆಯನ್ನೂ ಅವರು ಮಾಡಿದವರಲ್ಲ. ಮನೆಯಲ್ಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಚಪಾತಿ ದುಂಡಗಿದೆಯೇ ಎಂದು ತಟ್ಟೆ ತಿರುಗಿಸಿ ನೋಡಿ ಉಣ್ಣುವ ಗಂಡಸು ತಾರ್ನಾಕದಲ್ಲಿ ಅವರೊಬ್ಬರೇ.

"ಅಳತಿ ಅಂದ್ರ ಏನಂತ ಪಟ್ಟಾ ಹೊಲಿಯಾಂವ ನನಗ ಹೇಳಬೇಕಾ?" ಎಂದರು. "ನಾನs ತಗೀತೀನಿ."

ಪರಗಂಡಸು ತನ್ನ ಹೆಂಡತಿಯ ಮೈಗೆ ಟೇಪು ಹಿಡಿಯುವುದು ಅವರಿಗೆ ಬೇಡವಾಗಿತ್ತು ಎಂಬುದು ಪ್ರೇಮಾಗೆ ತಿಳಿಯಿತು. ಅದನ್ನು ನೆಟ್ಟಗೆ ಹೇಳಿದ್ದರೆ ಅವಳಿಗೆ ಒಂದಿಷ್ಟು ನಾಚಿಕೆಯೂ ಖುಷಿಯೂ ಆಗುತ್ತಿತ್ತು. ಅವರು ಹೇಳಿದ್ದು ನಿಖರತೆಯ ವಿಚಾರ. ಅವಳು ತಲೆಯಾಡಿಸಿದಳು, ಮೂವತ್ತೊಂದು ವರ್ಷದಲ್ಲಿ ಅದೂ ರೂಢಿಯಾಗಿತ್ತು.

ಅಳತೆಗೆ ಅವರು ಆರಿಸಿದ ದಿನ ಭಾನುವಾರ, ಏಕಾದಶಿ. ಅದಕ್ಕೆ ಕಾರಣವಿತ್ತು. ಕಾರ್ಖಾನೆಯಲ್ಲಿ ಯಾವ ವಸ್ತುವನ್ನೂ ಬಂದ ಹಾಗೆ ಅಳೆಯುವುದಿಲ್ಲವಂತೆ. ಅದರ ಮೇಲಿನ ಭಾರ ಇಳಿಸಿ, ಎಣ್ಣೆ ಒರೆಸಿ, ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಒಂದು ದಿನ ತಣ್ಣಗೆ ಇಟ್ಟು, ಅದು ತನ್ನ ನಿಜವಾದ ಗಾತ್ರಕ್ಕೆ ಬಂದ ಮೇಲೆ ಅಳೆಯಬೇಕು. ಹೊಟ್ಟೆಯಲ್ಲಿ ಅನ್ನ ಇದ್ದರೆ ಅದು ಹೆಂಡತಿಯ ಅಳತೆಯಲ್ಲ, ಹೆಂಡತಿ ಮತ್ತು ಅನ್ನದ ಅಳತೆ. ಪ್ರೇಮಾಳ ಮನೆತನದಲ್ಲಿ ಏಕಾದಶಿ ಎಂದರೆ ತುಳಸಿತೀರ್ಥ ಬಿಟ್ಟು ಬೇರೇನೂ ಇಲ್ಲ, ಹಿಂದಿನ ದಿನವೂ ಒಪ್ಪೊತ್ತು. ಸಂಜೆ ಐದಕ್ಕೆ ಅಳತೆ ಶುರುವಾಗುವ ಹೊತ್ತಿಗೆ ಅವಳ ಹೊಟ್ಟೆಗೆ ಅನ್ನ ಬಿದ್ದು ಇಪ್ಪತ್ತೊಂಬತ್ತು ತಾಸಾಗಿತ್ತು. ರಾಮದಾಸರು ಅದನ್ನು ಹಾಳೆಯ ಮೇಲೆ ಮೊದಲ ಸಾಲಿನಲ್ಲೇ ಬರೆದುಕೊಂಡರು.

ಬಾಗಿಲು ಹಾಕಿ, ಕಿಟಕಿ ತೆರೆದು, ಗೋಡೆಗೆ ಉಷ್ಣಮಾಪಕ ನೇತುಹಾಕಿದರು. ಇಪ್ಪತ್ತನಾಲ್ಕಕ್ಕಿಂತ ಕೆಳಗೆ ಇಳಿಯದಿದ್ದಾಗ ಹೈದರಾಬಾದಿನ ಮೇಲೆ ಸಿಟ್ಟು ಮಾಡಿಕೊಂಡರು. ಪಕ್ಕೆಲುಬು ಎಲ್ಲಿ ಮುಗಿಯುತ್ತದೆ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿನಿಂದ ಹುಡುಕಿ ಗುರುತು ಮಾಡಬೇಕಲ್ಲ, ಅದಕ್ಕೆ ಅವಳು ಹಣೆಗೆ ಹಚ್ಚುವ ಟಿಕಳಿಯ ಪಾಕೀಟು ಹರಿದರು. ರವಿಕೆಯ ಕೆಳಗೆ, ಲಂಗದ ಮೇಲೆ, ಬೆನ್ನಿನುದ್ದಕ್ಕೂ ಹದಿನಾಲ್ಕು ಕೆಂಪು ಟಿಕಳಿ ಹಚ್ಚಿಸಿಕೊಂಡು ಪ್ರೇಮಾ ದೇವರ ಕೋಣೆಯ ಎದುರು ನಿಂತಳು. ಹದಿನಾಲ್ಕು ಕಡೆ, ಒಂದೊಂದು ಕಡೆ ಮೂರು ಸಲ, ಮೂರರ ಸರಾಸರಿ. ಅಲುಗುವ ವಸ್ತುವನ್ನು ಅಳೆಯಲು ಬರುವುದಿಲ್ಲವಾದ್ದರಿಂದ ಪ್ರತಿ ಸಲವೂ ಉಸಿರು ಪೂರ್ತಿ ಬಿಟ್ಟು ನಿಲ್ಲಬೇಕು. ನಲವತ್ತೆರಡು ಸಲ ಅವಳು ಉಸಿರು ಬಿಟ್ಟು ನಿಂತಳು. ಕಣ್ಣು ಕತ್ತಲೆ ಬಂದಾಗ ಗೋಡೆ ಹಿಡಿದಳು, ಗೋಡೆ ಹಿಡಿದ ಅಳತೆ ಲೆಕ್ಕಕ್ಕಿಲ್ಲ ಎಂದು ಅದನ್ನು ಮತ್ತೆ ತೆಗೆಯಲಾಯಿತು.

ನಡುವೆ ಒಂದು ಗಳಿಗೆ ಮಾತ್ರ ಅವಳಿಗೆ ಸುಖವಾಗಿತ್ತು. ಟೇಪು ಸಮಮಟ್ಟದಲ್ಲಿದೆಯೇ ಎಂದು ನೋಡಲು ರಾಮದಾಸರು ಮೊಣಕಾಲೂರಿ ಅವಳ ಸುತ್ತ ಒಂದು ಪ್ರದಕ್ಷಿಣೆ ಬಂದರು. ಇನ್ನೂ ಬೆಳಕಿರುವಾಗ, ಕನ್ನಡಕ ಹಾಕಿಕೊಂಡು, ಈ ಮನುಷ್ಯ ತನ್ನನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು ಎಂದು ಅವಳಿಗೆ ಅನ್ನಿಸಿತು. ಎದೆ ಸ್ವಲ್ಪ ಬೆಚ್ಚಗಾಯಿತು. ಆಗ ಅವರು ತಲೆಯೆತ್ತಿ ಎಡಗಡೆ ಎರಡು ಮಿಲಿಮೀಟರ್ ಹೆಚ್ಚಿಗಿ ಅದ ಎಂದರು. ಅವಳ ತಂದೆ ಅಳತೆಯಲ್ಲಿ ಮೋಸ ಮಾಡಿ ಕೊಟ್ಟಿದ್ದಾರೆ ಎಂಬ ಧಾಟಿಯಲ್ಲಿತ್ತು ಆ ಮಾತು.

ಎರಡು ದಿನ ಕೂತು ಅವರು ನಕ್ಷೆ ಬರೆದರು. ಮುಂದಿನ ನೋಟ, ಪಕ್ಕದ ನೋಟ, ಹಿಂದಿನ ನೋಟ, ಪ್ರತಿ ಅಳತೆಯ ಪಕ್ಕದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಆದರೆ ನಡೆಯುತ್ತದೆ ಎಂಬ ಔದಾರ್ಯ. ಬಿಗಿಯುವ ದಾರ ಬೆನ್ನ ಹಿಂದೆ ಇರಬೇಕೆಂದೂ ಬರೆದಿದ್ದರು. ಹಿಂದೆ ಇದ್ದರೆ ನಾನು ಕಟ್ಟಿಕೊಳ್ಳುವುದು ಹೇಗೆ ಎಂದು ಪ್ರೇಮಾ ಕೇಳಿದಳು. ತಾವು ಆರೂವರೆಗೆ ಬಸ್ಸಿಗೆ ಹೊರಡುವ ಮುಂಚೆ ಕಟ್ಟಿ ಹೋಗುವುದಾಗಿ ಹೇಳಿದರು. ಅವಳ ಗಾಡಿ ಬರುವುದು ಎಂಟಕ್ಕೆ. ನಡುವಿನ ಒಂದೂವರೆ ತಾಸು ಅವಳು ಬಗ್ಗದೆ, ಕೂರದೆ ಅಡುಗೆ ಮಾಡಿ ಡಬ್ಬಿ ತುಂಬಬೇಕು ಎಂಬುದು ನಕ್ಷೆಯಲ್ಲಿ ಇರಲಿಲ್ಲ.

ಬುಧವಾರ ಸಂಜೆ ಇಬ್ಬರೂ ಬೇಗಂಪೇಟೆಗೆ ಹೋದರು. ಅಮರಯ್ಯನದು ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಕಾರ್ಖಾನೆ. ಯಾದಗಿರಿ ಕಡೆಯವನು, ಕುದುರೆಗೆ ಜೀನು ಹೊಲಿಯುತ್ತಿದ್ದ ಮನೆತನ. ಕುದುರೆಗಳು ಮುಗಿದ ಮೇಲೆ ಮನುಷ್ಯರಿಗೆ ಹೊಲಿಯುತ್ತಿದ್ದನು. ಐಟಿ ಬಂದ ಮೇಲೆ ಕೆಲಸ ಮೈತುಂಬ ಇತ್ತು, ಮೂವತ್ತು ವರ್ಷದ ಹುಡುಗರು ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ಸಾಲಾಗಿ ಕೂತಿದ್ದರು. ಅವನು ನಕ್ಷೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದನು.

"ಸಾಹೇಬ್ರ, ನಕ್ಷಾ ಭಾಳ ಚಂದ ಐತ್ರಿ," ಎಂದನು. "ಅಮ್ಮಾರು ಇಲ್ಲೇ ಅದಾರ. ನಮ್ಮ ಮನಿಯಾಕಿ ಒಳಗ ಅದಾಳ, ಒಂದೆರಡು ಮಿನಿಟು ಟೇಪು ಹಿಡಿದು ನೋಡ್ಲಿ."

"ಡ್ರಾಯಿಂಗ್ ಇದ್ದ ಮ್ಯಾಲ ಪಾರ್ಟ್ ಯಾಕ ನೋಡಬೇಕು?" ಎಂದರು ರಾಮದಾಸರು.

ಬೆಂಚಿನ ಮೇಲೆ ಕೂತಿದ್ದ ಪಾರ್ಟು ತನ್ನ ಚೀಲದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹೆಣ್ಣುಮಗಳೇ ಅಳತೆ ತೆಗೆಯುತ್ತಾಳೆ ಎಂದ ಮೇಲೂ ಇವರು ಬಿಡಲಿಲ್ಲವಲ್ಲ ಎಂದು ಪ್ರೇಮಾ ಆಗ ಯೋಚಿಸಿದಳು, ಆದರೆ ಪರರ ಎದುರು ಗಂಡನ ಮಾತು ಕತ್ತರಿಸಿ ಅಭ್ಯಾಸವಿರಲಿಲ್ಲ. ಅಮರಯ್ಯ ಅವಳ ಮುಖ ನೋಡಿ, ನಕ್ಷೆ ಮಡಚಿ, ಬರೆದ ಹಾಗೇ ಹೊಲಿಯುತ್ತೇನೆ ಎಂದು ಒಪ್ಪಿಕೊಂಡನು.

ಹೊಲಿದನು ಕೂಡ. ಒಂದನೇ ತಾರೀಖಿಗೆ ಐದು ದಿನ ಇರುವಾಗ, ಶುಕ್ರವಾರ ಬೆಳಿಗ್ಗೆ ಕಾರ್ಸೆಟ್ ಮನೆಗೆ ಬಂತು. ಬಿಳಿ ದಪ್ಪ ಬಟ್ಟೆ, ಒಳಗೆ ಉಕ್ಕಿನ ಆರು ಪಟ್ಟಿ, ಅಂಚಿಗೆ ಮೆತ್ತನೆ ತೊಗಲು. ಅದನ್ನು ನೋಡಿದಾಗ ಪ್ರೇಮಾಗೆ ಗಚ್ಚಿಬೌಲಿಯ ಕುರ್ಚಿಯೇ ಕಣ್ಣಿಗೆ ಕಟ್ಟಿತು. ರಾಮದಾಸರು ರಜೆ ಹಾಕಿ ಮನೆಯಲ್ಲಿದ್ದರು. ತಿಂಡಿ ಮುಗಿದಿತ್ತು, ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಅವಳು ಅದನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತಳು, ಅವರು ಹಿಂದಿನಿಂದ ದಾರ ಎಳೆದರು. ಅಂಚು ಅಂಚಿಗೆ ಕೂಡಲಿಲ್ಲ. ಇನ್ನೊಮ್ಮೆ ಎಳೆದರು. ಗೋಡೆಗೆ ಕಾಲು ಒತ್ತಿ ಎಳೆದರು. ಕೂಡಿತು, ಆದರೆ ಅವಳ ಉಸಿರು ಮೇಲೆಯೇ ನಿಂತಿತು. ಅದರಲ್ಲೇ ಕೂತು ನೋಡು ಎಂದರು. ಕೂತಳು. ಮೇಲಿನ ಅಂಚು ಪಕ್ಕೆಲುಬಿಗೆ ಹೊಕ್ಕಿತು, ಕೆಳಗಿನ ಅಂಚು ತೊಡೆಗೆ. ಹತ್ತು ನಿಮಿಷಕ್ಕೆ ಎಡಗಾಲು ಪೂರ್ತಿ ಮರಗಟ್ಟಿ ಅವಳು ಕುರ್ಚಿಯಿಂದ ಹಾಸಿಗೆಗೆ ತೆವಳಿಕೊಂಡು ಹೋದಳು. ಆ ದಿನವೆಲ್ಲ ಹಾಸಿಗೆಯ ಮೇಲೆಯೇ ಕಳೆಯಿತು.

ಹೆಂಡತಿ ನರಳುತ್ತಿರುವಾಗ ರಾಮದಾಸರು ಕಾರ್ಸೆಟನ್ನು ಮೇಜಿನ ಮೇಲೆ ಹರಡಿ ನಕ್ಷೆಯ ಜೊತೆ ತಾಳೆ ನೋಡಿದರು. ಹದಿನಾಲ್ಕಕ್ಕೆ ಹದಿನಾಲ್ಕೂ ಸರಿಯಾಗಿತ್ತು. ಮೂವತ್ನಾಲ್ಕು ವರ್ಷದ ಉದ್ಯೋಗದಲ್ಲಿ ಇಷ್ಟು ಶುದ್ಧವಾದ ಕೆಲಸ ಕಂಡದ್ದು ಅಪರೂಪ ಎಂದು ಅಮರಯ್ಯನನ್ನು ಹೊಗಳಿದರು. ಆಮೇಲೆ ಟೇಪು ತಂದು, ಮಲಗಿದ್ದವಳ ಸೊಂಟಕ್ಕೆ ಸುತ್ತಿ ನೋಡಿ ತೀರ್ಪು ಕೊಟ್ಟರು.

"ವಸ್ತು ಸರಿ ಅದ. ಡ್ರಾಯಿಂಗಿಗಿಂತ ನೀನs ಮೂವತ್ತು ಮಿಲಿಮೀಟರ್ ಹೆಚ್ಚಿಗಿ ಇದ್ದೀ."

ಮುಂದಿನ ದಾರಿಯನ್ನೂ ಅವರೇ ತೋರಿಸಿದರು. ಒಂದೊಪ್ಪತ್ತು ಊಟ ಬಿಟ್ಟರೆ ಎರಡು ತಿಂಗಳಲ್ಲಿ ಅವಳು ನಕ್ಷೆಯ ಗಾತ್ರಕ್ಕೆ ಇಳಿಯುತ್ತಾಳೆ, ಸಂಯುಕ್ತಾಗೆ ಫೋನ್ ಮಾಡಿ ಎರಡು ತಿಂಗಳು ತಡವಾಗುತ್ತದೆ ಎಂದು ಹೇಳಿಬಿಡುವುದು ಒಳ್ಳೆಯದು. ನೌಕರಿಗೆ ತಮ್ಮದೇನೂ ಅಭ್ಯಂತರವಿಲ್ಲ ಎಂದು ಐದನೆಯ ಸಲ ಹೇಳಿ, ಫೋನು ತಂದು ಹಾಸಿಗೆಯ ಪಕ್ಕದಲ್ಲಿಟ್ಟರು. ಆ ಫೋನಿನ ಡಬ್ಬಿಯನ್ನು ಅವರು ಇಷ್ಟು ಉತ್ಸಾಹದಿಂದ ಹೊತ್ತು ತಂದದ್ದನ್ನು ಪ್ರೇಮಾ ಹಿಂದೆಂದೂ ನೋಡಿರಲಿಲ್ಲ.

ಸೂರು ನೋಡುತ್ತ ಮಲಗಿ ಅವಳು ಲೆಕ್ಕ ಹಾಕಿದಳು. ಈ ಕಾರ್ಸೆಟ್ ತನಗೆ ಸರಿಹೊಂದುವುದು ಇಪ್ಪತ್ತೊಂಬತ್ತು ತಾಸು ಉಪವಾಸವಿದ್ದು, ನೆಟ್ಟಗೆ ನಿಂತು, ಉಸಿರು ಬಿಟ್ಟಾಗ. ಅಂದರೆ ತಿಂಗಳಿಗೆ ಎರಡು ಏಕಾದಶಿ ನೌಕರಿಗೆ ಹೋಗಬಹುದು, ಅಲ್ಲಿ ಹೋಗಿ ಕೂರಬಾರದು, ಉಸಿರೂ ಆಡಬಾರದು. ಇಷ್ಟೆಲ್ಲ ನಿಯಮಕ್ಕೆ ಹೊಂದುವ ಹೆಂಗಸನ್ನು ಹೊತ್ತು ಹೋಗಲು ಗಚ್ಚಿಬೌಲಿಯ ಗಾಡಿ ಬೇಡ, ನಾಲ್ಕು ಜನ ಸಾಕು. ಹಾಗೆ ಯೋಚಿಸಿದಾಗ ಅವಳಿಗೆ ಮೊದಲು ನಗು ಬಂತು, ಆಮೇಲೆ ಭಯಂಕರ ಸಿಟ್ಟು ಬಂತು. ಸಿಟ್ಟು ಗಂಡನ ಮೇಲಷ್ಟೇ ಅಲ್ಲ, ನಲವತ್ತೆರಡು ಸಲ ಉಸಿರು ಬಿಟ್ಟು ನಿಂತ ತನ್ನ ಮೇಲೂ. ಸಂಯುಕ್ತಾಗೆ ಫೋನ್ ಮಾಡಲಿಲ್ಲ.

ಶನಿವಾರ ರಾಮದಾಸರು ಕಾರ್ಖಾನೆಗೆ ಹೋದರು. ಪ್ರೇಮಾ ಕಾಲೆಳೆದುಕೊಂಡೇ ಹುಳಿ, ಅನ್ನ, ಚಪಾತಿ, ಹೆಸರುಬೇಳೆ ಕೋಸಂಬರಿ ಮಾಡಿದಳು. ಮಾಡಿದ್ದನ್ನು ಹೊಟ್ಟೆ ತುಂಬ ಉಂಡಳು, ಮೇಲೆ ಒಂದು ಲೋಟ ಮಜ್ಜಿಗೆ ಕುಡಿದಳು. ಕಾರ್ಸೆಟನ್ನು ಚೀಲಕ್ಕೆ ಹಾಕಿಕೊಂಡು, ಆಟೋದವನಿಗೆ ಗುಂಡಿ ನೋಡಿ ನಡೆಸಪ್ಪಾ ಎಂದು ತೆಲುಗಿನಲ್ಲಿ ಬೇಡಿಕೊಂಡು ಬೇಗಂಪೇಟೆಗೆ ಹೋದಳು.

ಅಮರಯ್ಯ ಕಾರ್ಸೆಟ್ ತಿರುಗಿಸಿ ನೋಡಿ ಪಕ್ಕಕ್ಕಿಟ್ಟನು. ಒಳಕೋಣೆಯ ಪರದೆ ಸರಿಸಿ ಹೆಂಡತಿ ಗದಿಗೆಮ್ಮನನ್ನು ಕರೆದನು. ಗದಿಗೆಮ್ಮನಿಗೂ ಪ್ರೇಮಾಳದೇ ವಯಸ್ಸು. ಮೊದಲು ಕಟ್ಟಡದ ಕೆಲಸಕ್ಕೆ ಬಂದವಳು, ಮೂರನೇ ಅಂತಸ್ತಿನಿಂದ ಬಿದ್ದು ಬೆನ್ನು ಮುರಿದುಕೊಂಡಾಗ ಗಂಡ ಹೊಲಿದುಕೊಟ್ಟ ಪಟ್ಟಾ ಇಂದಿಗೂ ಅವಳ ಸೀರೆಯ ಒಳಗಿತ್ತು. ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದಳು, ಆದರೆ ಟೇಪು ಕೈಗೆ ತೆಗೆದುಕೊಳ್ಳಲಿಲ್ಲ.

"ಎಲ್ಲಿ ನೋಯ್ತೈತ್ರೀ ಅಕ್ಕಾರ?" ಎಂದು ಕೇಳಿದಳು.

ಟಿಕಳಿ ಹಚ್ಚಿ ಹದಿನಾಲ್ಕು ಕಡೆ ಅಳೆದಿದ್ದ ಮನುಷ್ಯ ಈ ಒಂದು ಮಾತು ಕೇಳಿರಲಿಲ್ಲ. ಪ್ರೇಮಾ ತಾನೂ ಹೇಳಿರಲಿಲ್ಲ, ಕೇಳದವರಿಗೆ ಹೇಳಿ ಏನು ಮಾಡುವುದು ಎಂದು. ಅವಳು ಗದಿಗೆಮ್ಮನ ಕೈಯನ್ನೇ ತೆಗೆದುಕೊಂಡು ತನ್ನ ಬೆನ್ನಿನ ಎಡಗಡೆ ಇಟ್ಟಳು. ಗದಿಗೆಮ್ಮ ಅಲ್ಲಿ ಹೆಬ್ಬೆರಳು ಊರಿ, ಹಿಂಗ್ ಒತ್ತಿದ್ರ ಹಿತಾ ಅನಸ್ತೈತೇನು, ಹಿಂಗ್ ಒತ್ತಿದ್ರ ನೋಯ್ತೈತೇನು ಎಂದು ಬೆನ್ನಿನುದ್ದಕ್ಕೂ ಕೇಳುತ್ತ ಹೋದಳು. ಆಮೇಲೆ ಅಳತೆ. ನಿಲ್ಲಿಸಿ ತೆಗೆದಳು, ಮಲಗಿಸಿ ತೆಗೆದಳು. ಕುರ್ಚಿಯ ಮೇಲೆ ಕೂರಿಸಿ, ಆಫೀಸಿನಲ್ಲಿ ಹೇಗೆ ಕೂರುತ್ತೀರೋ ಹಾಗೇ ಕೈ ಮುಂದೆ ಮಾಡಿ ಕೂರ್ರಿ ಎಂದು ತೆಗೆದಳು. ಉಸಿರು ಎಳೆದುಕೊಳ್ಳಲು ಹೇಳಿ ತೆಗೆದಳು. ಕೆಮ್ಮಿಸಿದಳು. ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಅದರ ಸದ್ದು ಅಡಗುವವರೆಗೆ ಟೇಪು ಹಿಡಿದೇ ಕಾದು, ಈಗ ನಗ್ರಿ ಎಂದಳು.

ಹೇಳಿದರೆ ನಗು ಬರುತ್ತದೆಯೇ? ಬರಲಿಲ್ಲ. ನಕ್ಕಾಗ ಹೊಟ್ಟೆಗೆ ಎಷ್ಟು ಜಾಗ ಬೇಕೆಂದು ನೋಡದೆ ಹೊಲಿದರೆ ಜನ ನಗುವುದನ್ನೇ ಬಿಡುತ್ತಾರೆ, ಎಷ್ಟು ಮಂದಿಯನ್ನು ನೋಡಿದ್ದೇನೆ ಎಂದಳು ಗದಿಗೆಮ್ಮ. ಆಗ ಪ್ರೇಮಾ ಏಕಾದಶಿಯ ಕಥೆ ಹೇಳಲು ಶುರುಮಾಡಿದಳು. ಉಷ್ಣಮಾಪಕ, ಟಿಕಳಿ, ದೇವರ ಕೋಣೆಯ ಎದುರು ಪ್ರದಕ್ಷಿಣೆ, ಎರಡು ಮಿಲಿಮೀಟರ್ ಮೋಸ. ಹೇಳುತ್ತ ಹೇಳುತ್ತ ಅವಳಿಗೇ ತಡೆಯಲಾಗಲಿಲ್ಲ, ಗದಿಗೆಮ್ಮ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಟೇಪು ನೋಡಿದಳು. ಕ್ಯಾಲೆಂಡರಿನ ಹಿಂಬದಿಯಲ್ಲಿ ಏಳು ಅಂಕಿ ಬರೆದು, ಹೊಟ್ಟೆಯ ಮೇಲೆ ಎರಡು ಬೆರಳು ಸಡಿಲ ಎಂದು ಗಂಡನಿಗೆ ಹೇಳಿದಳು. ಕಟ್ಟುವ ಪಟ್ಟಿ ಮುಂದೆ ಇರಲಿ ಎಂಬುದನ್ನು ಪ್ರೇಮಾ ತಾನೇ ಹೇಳಿದಳು. ಅಮರಯ್ಯ ಹಳೆಯದನ್ನು ಬಿಚ್ಚಿ ಅದೇ ಉಕ್ಕು ಹಾಕಿ ಮಂಗಳವಾರ ಸಂಜೆಗೆ ಹೊಸದು ಕೊಟ್ಟನು.

ಅದನ್ನು ಕಟ್ಟಿಕೊಂಡು ಅವಳು ಮನೆಯಲ್ಲಿ ಎರಡೂವರೆ ತಾಸು ಕೂತಳು. ಕಾಲಿಗೆ ಬೆಂಕಿ ಇಳಿಯಲಿಲ್ಲ. ಸುಮ್ಮನೆ ಕೂತಿದ್ದರಲ್ಲೇ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ರಾಮದಾಸರು ಕ್ಯಾಲೆಂಡರಿನ ತುಂಡನ್ನು ಹಿಡಿದು ವಿಚಾರಣೆ ನಡೆಸಿದರು. ಎರಡು ಬೆರಳು ಅಂದರೆ ಯಾರ ಬೆರಳು, ಯಾವ ಎರಡು, ಅದಕ್ಕೆ ಪ್ರಮಾಣ ಏನು? ಗದಿಗೆಮ್ಮನ ಬೆರಳು ಎಂದಳು ಪ್ರೇಮಾ. ಅವರು ಹೊಸ ಕಾರ್ಸೆಟನ್ನೂ ನಕ್ಷೆಯ ಮೇಲೆ ಇಟ್ಟು ನೋಡಿ, ಹದಿನಾಲ್ಕರಲ್ಲಿ ಒಂದೂ ಕೂಡಿಬರುವುದಿಲ್ಲ, ಇದು ರಿಜೆಕ್ಟ್ ಮಾಲು ಎಂದು ಘೋಷಿಸಿದರು. ರಿಜೆಕ್ಟ್ ಮಾಲನ್ನು ಹೆಂಡತಿ ಮಡಚಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.

ಬುಧವಾರ ಒಂದನೇ ತಾರೀಖು. ರಾಮದಾಸರು ಕಾರ್ಖಾನೆಯ ಬಸ್ಸಿಗೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ರಜೆ ಹಾಕಿದ್ದರು, ಮೂರು ಇಡ್ಲಿ ತಿಂದು ನಾಲ್ಕನೆಯದನ್ನು ಕೇಳಿದರು. ಪ್ರೇಮಾ ಡಬ್ಬಿ ಕಟ್ಟಿದಳು, ಅವರ ಊಟ ಮುಚ್ಚಿಟ್ಟಳು, ಒಳಗೆ ಹೋಗಿ ಕಾರ್ಸೆಟ್ ಕಟ್ಟಿಕೊಂಡು ಅದರ ಮೇಲೆ ನೀಲಿ ಇಳಕಲ್ ಸೀರೆ ಉಟ್ಟು ಬಂದಳು. ಎಂಟಕ್ಕೆ ಐದು ನಿಮಿಷವಿತ್ತು. ಅವರು ಮೇಜಿನ ಹತ್ತಿರ ಕೂತು ಮೊದಲು ಗಾಡಿಯ ಕುಲುಕಾಟದ ವಿಚಾರ ಎತ್ತಿದರು, ಆಮೇಲೆ ಒಂದು ವಾರ ಮನೆಯಲ್ಲೇ ಕೂತು ಪರೀಕ್ಷೆ ಮಾಡಬಹುದಿತ್ತು ಎಂದರು. ಅವಳು ಚೀಲದಲ್ಲಿ ಕನ್ನಡಕ ಇದೆಯೇ ನೋಡಿಕೊಂಡಳು. ಕಡೆಗೆ ಅವರು ತಲೆ ತಗ್ಗಿಸಿ, ಚಮಚವನ್ನು ತಟ್ಟೆಯ ಮೇಲೆ ನೆಟ್ಟಗೆ ಜೋಡಿಸುತ್ತ ಹೇಳಿದರು.

"ಜೂನಿಗೆ ನನ್ನ ರಿಟೈರ್ಮೆಂಟ್. ನೀ ದಿನಾ ಹಿಂಗ ಹೋದ್ರ ನಾ ಒಬ್ಬಾಂವ ಈ ಮನ್ಯಾಗ ಏನು ಮಾಡ್ಲಿ?"

ಇದಾಗಿತ್ತು ಅಭ್ಯಂತರ. ಹದಿನಾಲ್ಕು ಟಿಕಳಿಯ ಅಡಿಯಲ್ಲಿ ಬಚ್ಚಿಟ್ಟಿದ್ದು ಇಷ್ಟೇ. ಮಗಳು ಧಾರವಾಡಕ್ಕೆ ಮದುವೆಯಾಗಿ ಹೋಗಿ ಒಂಬತ್ತು ವರ್ಷವಾಗಿತ್ತು, ಆರೂವರೆಗೆ ಅವರ ಬಸ್ಸು ಹೋದ ಮೇಲೆ ಸಂಜೆ ಆರರವರೆಗೆ ಈ ಎರಡು ಕೋಣೆಗಳಲ್ಲಿ ಹೊತ್ತು ಹೇಗೆ ಹೋಗುತ್ತದೆ ಎಂಬುದು ಪ್ರೇಮಾಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಗಂಡನ ಬಗ್ಗೆ ಕನಿಕರ ಹುಟ್ಟಿತು, ನಿಜವಾದ ಕನಿಕರ. ಅದರ ಬೆನ್ನಿಗೇ ಮತ್ತೊಂದೂ ಹುಟ್ಟಿತು, ಅದು ಕನಿಕರಕ್ಕಿಂತ ಹಳೆಯದು.

"ಮೂವತ್ತೊಂದು ವರ್ಷ ನಾ ಏನು ಮಾಡೀನೋ ಅದನ್ನs ಮಾಡ್ರಿ," ಎಂದಳು.

ರಾಮದಾಸರು ಸಿಟ್ಟಾಗಲಿಲ್ಲ. ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಅವರ ಮುಖದಲ್ಲಿ ಕುಹಕವಿರಲಿಲ್ಲ, ಹಟವಿರಲಿಲ್ಲ, ನಿಜಕ್ಕೂ ಗೊತ್ತಿಲ್ಲದ ಮನುಷ್ಯನ ಗೊಂದಲವಿತ್ತು.

"ನೀ ಏನು ಮಾಡ್ತಿದ್ದಿ?" ಎಂದು ಕೇಳಿದರು.

ಈ ಪ್ರಶ್ನೆಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೆಂದು ಹೇಳುವುದು ಕಷ್ಟ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಎಲ್ಲಕ್ಕೂ ಉತ್ತರ ಸಿದ್ಧವಿಟ್ಟುಕೊಂಡು ಕಾದಿದ್ದಳು, ಆಮೇಲೆ ಕಾಯುವುದನ್ನು ಬಿಟ್ಟಿದ್ದಳು. ಈಗ ಕೇಳಿದ್ದರು, ಮನಸ್ಸಿಟ್ಟು ಕೇಳಿದ್ದರು, ಆದರೆ ಕೆಳಗೆ ಗಚ್ಚಿಬೌಲಿಯ ಗಾಡಿ ಬಂದು ಹಾರನ್ ಹೊಡೆಯುತ್ತಿತ್ತು. ಪ್ರೇಮಾ ಹೋಗಿಬರ್ತೀನ್ರಿ ಎಂದು ಹೇಳಿ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದಳು.